ಶೆಫೀಲ್ಡ್ ಚಾಕುವಿನ ಉಪ್ಪಿನಕಾಯಿ

“ಬರುವ ಶನಿವಾರ ಮಧ್ಯಾಹ್ನ ಮೂರು ಗಂಟೆಯೊಳಗೆ ಡಾಕ್ಟರ್ ನಟರಾಜ ಅಂಕಲ್ ಚಾಕು ನನ್ನ ಜೇಬಲ್ಲಿರತ್ತೆ. ಇಲ್ದಿದ್ರೆ ನನ್ನ ಹೆಸರು ವಜೀರ್ ಅಲ್ಲ!”

ನಾನು ಈ ಘೋರ ಪ್ರತಿಜ್ಞೆ ಮಾಡಿದ್ದು ಅಮೆರಿಕದ ಗೈದರ್ಸ್‌ಬರ್ಗಿನ ನಮ್ಮ ಅಡುಗೆಮನೆಯಲ್ಲಿ, ಡಿಶ್‌ವಾಷರಿಗೆ ತಟ್ಟೆ ಜೋಡಿಸುತ್ತ.

“ಹೆಸರು ಬದಲಾಯಿಸ್ಕೊಳ್ಳಿ, ನನ್ನದೇನೂ ಅಬ್ಜೆಕ್ಷನ್ ಇಲ್ಲ,” ಎಂದಳು ನನ್ನ ಹೆಂಡತಿ ಸಯೀದಾ, ಫೋನಿನಿಂದ ತಲೆ ಎತ್ತದೆ. “ಆದ್ರೆ ಗ್ರೀನ್ ಕಾರ್ಡ್ ಅಪ್ಲಿಕೇಶನ್‌ನಲ್ಲೂ ಚೇಂಜ್ ಮಾಡ್ಬೇಕು. ಲಾಯರ್ ಫೀಸು ನಾನು ಕೊಡಲ್ಲ, ಈಗ್ಲೇ ಹೇಳಿದೀನಿ.”

ನಾವು ಮೈಸೂರಿನವರು. ಮನೆಯಲ್ಲಿ ಉರ್ದು, ಕನ್ನಡ, ಇಂಗ್ಲಿಷು ಮೂರೂ ನಡೆಯುತ್ತವೆ. ಆದರೆ ನನ್ನ ಮರ್ಯಾದೆ ತೆಗೆಯುವ ಕೆಲಸವನ್ನು ಮಾತ್ರ ಸಯೀದಾ ಕನ್ನಡದಲ್ಲೇ ಮಾಡುತ್ತಾಳೆ. ಅದರಲ್ಲಿ ಅವಳಿಗೆ ಹಿಡಿತ ಜಾಸ್ತಿ.

ನನ್ನ ಚಾಕು ಹುಚ್ಚಿನ ಕಥೆ ಹೇಳಲೇಬೇಕು. 2020ರ ಲಾಕ್‌ಡೌನಿನಲ್ಲಿ ಲೋಕವೆಲ್ಲ ಬ್ರೆಡ್ ಬೇಯಿಸುತ್ತಿದ್ದಾಗ ನಾನು ಇಂಗ್ಲೆಂಡಿನ ಶೆಫೀಲ್ಡ್ ಊರಿನಲ್ಲಿ ಮಾಡುವ ಮಡಚುವ ಚಾಕುಗಳನ್ನು ಕೊಳ್ಳಲು ಶುರು ಮಾಡಿದೆ. ಬೆರಳುದ್ದದ ಅಲಗು, ಕೊಂಬಿನ ಹಿಡಿ, ಬಿಚ್ಚಿದರೂ ಮಡಚಿದರೂ ‘ಟಕ್’ ಎಂಬ ಗಂಭೀರ ಸದ್ದು. ಮೂರು ವರ್ಷದಲ್ಲಿ ಹನ್ನೊಂದಾದವು. ಅದರಲ್ಲಿ ಶ್ರೇಷ್ಠವಾದದ್ದು ಟಗರಿನ ಕೊಂಬಿನ ಹಿಡಿಯ ಲ್ಯಾಂಬ್‌ಫುಟ್. ಅಲಗಿನ ಆಕಾರ ಕುರಿಮರಿಯ ಕಾಲಿನಂತೆ ಇರುವುದರಿಂದ ಆ ಹೆಸರು. ಅದನ್ನು ತೋರಿಸಿದ ದಿನ ಸಯೀದಾ ಕೇಳಿದ್ದು ಒಂದೇ ಪ್ರಶ್ನೆ: “ಕುರಿ ಕಾಲು ಅಂತೀರಾ, ಇದ್ರಲ್ಲಿ ಪಾಯಾ ಸೂಪ್ ಆಗತ್ತಾ?”

ಹನ್ನೆರಡನೆಯದೂ ಒಂದಿತ್ತು. ನಾನು ಮೊಟ್ಟಮೊದಲು ಕೊಂಡಿದ್ದು, ಬೀಟೆ ಮರದ ಹಿಡಿಯ ಸಾಧಾರಣ ಚಾಕು. ನನ್ನ ಅಂತಸ್ತು ಏರಿದ ಮೇಲೆ ಅದನ್ನು ಹಳೇ ಬ್ಯಾಟರಿ, ರಬ್ಬರ್ ಬ್ಯಾಂಡುಗಳ ಡ್ರಾಯರಿಗೆ ಎಸೆದು ಮರೆತುಬಿಟ್ಟಿದ್ದೆ.

ನಮ್ಮ ಚಾಕುಪ್ರೇಮಿಗಳ ಬಳಗಕ್ಕೆ ಗುರು ನಟರಾಜ ಅಂಕಲ್. ಎಂಬತ್ತೆರಡು ವರ್ಷದ ನಿವೃತ್ತ ಹಾರ್ಟ್ ಸರ್ಜನ್. ಅಮೆರಿಕಕ್ಕೆ ಬರುವ ಮೊದಲು ಎರಡು ವರ್ಷ ಶೆಫೀಲ್ಡಿನ ಆಸ್ಪತ್ರೆಯಲ್ಲಿದ್ದರು. 1968ರಲ್ಲಿ ಅಲ್ಲಿನ ಒಬ್ಬ ಮುದುಕ ಕುಶಲಕರ್ಮಿಯ ಕೈಯಿಂದಲೇ ಒಂದು ಚಾಕು ಕೊಂಡರು. ಐವತ್ತೈದು ವರ್ಷ ಅದು ಅವರ ಜೇಬು ಬಿಟ್ಟು ಇಳಿದಿಲ್ಲ. ಈಗ ಅವರು ಮತ್ತು ಅವರ ಹೆಂಡತಿ ಸುಶೀಲಾ ಆಂಟಿ, ಮಗಳು ಅಮೂಲ್ಯಾ ಇರುವ ಅಟ್ಲಾಂಟಾ ಹತ್ತಿರದ ಲಾರೆನ್ಸ್‌ವಿಲ್‌ಗೆ ಮನೆ ಬದಲಿಸುತ್ತಿದ್ದರು. ಹೋಗುವ ಮುನ್ನ ಆ ಚಾಕುವನ್ನು ಬಳಗದ ಒಬ್ಬರಿಗೆ ಕೊಡುವುದಾಗಿ ಸಾರಿದರು.

ಷರತ್ತು ಒಂದೇ. “ಯಾರ ಚಾಕು ನಿಜವಾಗ್ಲೂ ದುಡಿದಿದೆಯೋ ಅವರಿಗೆ. ಶೋಕೇಸ್‌ನಲ್ಲಿ ಇಡೋರಿಗಲ್ಲ ಕಣಯ್ಯಾ. ಶನಿವಾರ ಊಟಕ್ಕೆ ಬನ್ನಿ, ಪಟಿನಾ ನೋಡಿ ಡಿಸೈಡ್ ಮಾಡ್ತೀನಿ.”

ಈ ಚಾಕುಗಳ ಉಕ್ಕು ಸ್ಟೇನ್‌ಲೆಸ್ ಅಲ್ಲ. ಹಣ್ಣು, ತರಕಾರಿ ಕತ್ತರಿಸುತ್ತ ಹೋದಂತೆ ಅಲಗಿಗೆ ಬೂದು ಬೆರೆತ ನೀಲಿ ಛಾಯೆ ಹತ್ತುತ್ತದೆ. ಅದೇ ಪಟಿನಾ. ಅದು ಚಾಕುವಿನ ಸರ್ವಿಸ್ ರೆಕಾರ್ಡ್ ಎನ್ನುತ್ತಿದ್ದರು ಅಂಕಲ್. ನನ್ನ ಹನ್ನೊಂದು ಚಾಕುಗಳ ಸರ್ವಿಸ್ ರೆಕಾರ್ಡ್ ಏನು? ಪಾರ್ಸೆಲ್ ಡಬ್ಬಿಗಳ ಟೇಪು! ಅವುಗಳಲ್ಲಿ ಮುಖ ನೋಡಿಕೊಂಡು ಗಡ್ಡ ಹೆರೆದುಕೊಳ್ಳಬಹುದಿತ್ತು, ಅಷ್ಟು ಹೊಳಪು. ಆ ಚಾಕು ನನಗೆ ಬೇಕೇ ಬೇಕಿತ್ತು. ನನಗೆ ಮೊದಲ ಚಾಕುವನ್ನು ಸಾಣೆ ಹಿಡಿಯಲು ಕಲಿಸಿದವರು ಅವರು. ಅವರು ಊರು ಬಿಡುತ್ತಾರೆಂದರೆ ಅವರದ್ದೊಂದು ವಸ್ತು ನನ್ನ ಹತ್ತಿರ ಇರಲಿ ಎಂಬ ಆಸೆ. ಆಸೆ ಒಳ್ಳೆಯದೇ. ದಾರಿ ಮಾತ್ರ ಅಡ್ಡದಾರಿಯಾಯಿತು.

ಅವಸರದ ಪಟಿನಾ ಬೇಕಾದವರು ಅಲಗಿಗೆ ಸಾಸಿವೆ ಪೇಸ್ಟ್ ಹಚ್ಚುತ್ತಾರೆ, ಕೆಲವರು ವಿನೆಗರ್‌ನಲ್ಲಿ ಅದ್ದುತ್ತಾರೆ ಎಂದು ಓದಿದ್ದೆ. ಗುರುವಾರ ಮನೆಯಿಂದ ಕೆಲಸ. ಮಧ್ಯಾಹ್ನ ಅನ್ನದ ಮುಂದೆ ಕೂತಿದ್ದಾಗ ಜ್ಞಾನೋದಯವಾಯಿತು. ಸಾಸಿವೆ ಒಂದು ಕಡೆ, ಹುಳಿ ಒಂದು ಕಡೆ ಎಂದು ಈ ಜನ ಯಾಕೆ ಒದ್ದಾಡುತ್ತಾರೆ? ಸಾಸಿವೆ, ಹುಳಿ, ಉಪ್ಪು, ಖಾರ ಎಲ್ಲವೂ ಒಂದೇ ಕಡೆ ಇರುವ ಮಹಾದ್ರಾವಣವನ್ನು ನಮ್ಮ ಹಿರಿಯರು ಎಂದೋ ಕಂಡುಹಿಡಿದಿದ್ದಾರಲ್ಲ! ಮಾವಿನಕಾಯಿ ಉಪ್ಪಿನಕಾಯಿ!

ಸಯೀದಾ ಮೂರು ವಾರದ ಹಿಂದೆ ತನ್ನ ಅಮ್ಮನ ಅಳತೆಯಲ್ಲಿ ಹಾಕಿಟ್ಟ ಉಪ್ಪಿನಕಾಯಿ. ಮೈಸೂರಿನಿಂದ ಸೂಟ್‌ಕೇಸಿನಲ್ಲಿ ಮಗುವಿನಂತೆ ಸುತ್ತಿ ತಂದ ಪಿಂಗಾಣಿ ಭರಣಿ. ನಾನು ಲ್ಯಾಂಬ್‌ಫುಟ್ ಬಿಚ್ಚಿದೆ. ಹಿಡಿಗೆ ಪ್ಲಾಸ್ಟಿಕ್ ಸುತ್ತಿದೆ, ದಾರ ಕಟ್ಟಿದೆ, ತಲೆಕೆಳಗಾಗಿ ಒಳಗೆ ಇಳಿಸಿ, ದಾರದ ತುದಿಯನ್ನು ಟೀ ಬ್ಯಾಗಿನ ಹಾಗೆ ಹೊರಗೆ ಬಿಟ್ಟೆ. ಎರಡೇ ಗಂಟೆ ಸಾಕು ಎಂದುಕೊಂಡೆ.

ಚಾಕು ತೆಗೆಯುವ ಹೊತ್ತಿಗೆ ಸರಿಯಾಗಿ ಆಫೀಸಿನ ಮೀಟಿಂಗ್ ಬಂತು. ಅದು ಮುಗಿಯುವಷ್ಟರಲ್ಲಿ ಮಗಳು ಸುಮೈರಾಳನ್ನು ವಯೊಲಿನ್ ಕ್ಲಾಸಿಗೆ ಬಿಡಬೇಕಾಯಿತು. ಆಮೇಲೆ ಊಟ, ನಿದ್ದೆ. ಚಾಕು ನೆನಪಾದದ್ದು ಶುಕ್ರವಾರ ಸಂಜೆ.

ಕಪಾಟು ತೆಗೆದೆ. ಭರಣಿ ಇಲ್ಲ!

“ಸುಮೈರಾ! ಇಲ್ಲಿದ್ದ ಭರಣಿ ಎಲ್ಲಿ?”

“ಅಮ್ಮಿ took it to Susheela Aunty. ನಾಳೆ lunchಗೆ.” ಹದಿನಾಲ್ಕು ವರ್ಷದ ಮಗಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಅಬ್ಬಾ, why are you sweating?”

ಅಷ್ಟರಲ್ಲಿ ಸಯೀದಾ ಬಂದಳು. ಅವಳು ಫಾರ್ಮಸಿಸ್ಟ್, ಕೆಲಸ ಮುಗಿಸಿ ಬರುತ್ತ ದಾರಿಯಲ್ಲೇ ಕೊಟ್ಟು ಬಂದಿದ್ದಳು.

“ಪೂರ್ತಿ ಭರಣಿ ಕೊಟ್ಯಾ?”

“ಮತ್ತೇನು? ಆಂಟಿಗೆ ಇಷ್ಟ, ಅಟ್ಲಾಂಟಾಗೂ ತಗೊಂಡು ಹೋಗ್ಲಿ ಅಂತ. ಯಾಕೆ?”

“ಏನಿಲ್ಲ. ಅದ್ರಲ್ಲಿ... ದಾರ ಗೀರ ಏನಾದ್ರೂ ನೇತಾಡ್ತಿತ್ತಾ?”

“ಹೂಂ. ಬಾಯಿಗೆ ಬಟ್ಟೆ ಕಟ್ಟಿದ ದಾರ ಅಂದ್ಕೊಂಡು ಕಚಕ್ ಅಂತ ಕತ್ತರಿಸಿಹಾಕಿದೆ. ನಿಮಗ್ಯಾಕೆ ಅದೆಲ್ಲ?”

ಆಗಲೇ ನಿಜ ಹೇಳಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಸಯೀದಾಳ ಅಮ್ಮನ ಅಳತೆಯ ಉಪ್ಪಿನಕಾಯಿಯಲ್ಲಿ ಚಾಕು ಅದ್ದಿದೆ ಎಂದು ಹೇಳುವ ಗಂಡಸು ಮೈಸೂರು ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಮರುದಿನ ಬೇಗ ಹೋಗಿ, ಅಡುಗೆಮನೆಗೆ ನುಗ್ಗಿ, ಚಾಕು ಎತ್ತಿಬಿಡುವುದೆಂದು ಲೆಕ್ಕ ಹಾಕಿದೆ.

ಶನಿವಾರ ಹೋದರೆ ಅಂಕಲ್ ಮನೆಯ ತುಂಬ ರಟ್ಟಿನ ಡಬ್ಬಿಗಳು. ಸಯೀದಾ ಪ್ಯಾಕಿಂಗಿಗೆ ಕೈಹಾಕಿದಳು. ನಾನು ಸೀದಾ ಅಡುಗೆಮನೆಗೆ ಹೋದೆ. ಭರಣಿ ಒಲೆಯ ಪಕ್ಕದಲ್ಲಿತ್ತು, ಅದರ ಮುಂದೆ ಸುಶೀಲಾ ಆಂಟಿ ಇದ್ದರು.

“ಆಂಟಿ, ಆ ಉಪ್ಪಿನಕಾಯಿ ವಾಪಸ್ ಕೊಡಿ. ಉಪ್ಪು ತುಂಬಾ ಕಮ್ಮಿ ಆಗಿದೆ.”

“ಅಯ್ಯೋ, ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ! ನಮ್ಮನೆಯವರಿಗೆ ಬಿಪಿ ಅಲ್ವೇನೋ. ಕಮ್ಮಿ ಇದ್ರೇ ಒಳ್ಳೇದು.”

“ಅಲ್ಲ ಆಂಟಿ, ಖಾರ ವಿಪರೀತ.”

“ಮೊಸರನ್ನ ಮಾಡಿದೀನಿ, ಸರಿಹೋಗತ್ತೆ.”

“ಆಂಟಿ, ನಾನೇ ಕೈಯಾಡಿಸಿ ತರ್ತೀನಿ, ನೀವು ಕೂತ್ಕೊಳಿ.”

“ಗಂಡಸರು ಉಪ್ಪಿನಕಾಯಿ ಭರಣಿ ಮುಟ್ಟಿದ್ರೆ ಬೂಷ್ಟು ಬರತ್ತೆ. ಹೋಗು ಆಚೆ!”

ಹಾಲಿನಲ್ಲಿ ವಿಚಾರಣೆ ಶುರುವಾಗಿತ್ತು. ಅಂಕಲ್ ಟೇಬಲ್ಲಿನ ಮೇಲೆ ಬಿಳೀ ಟವೆಲ್ ಹಾಸಿದ್ದರು, ಆಪರೇಷನ್ ಥಿಯೇಟರಿನ ಹಾಗೆ. ಬಳಗದ ವಾಲ್ಟ್ ಎಂಬ ನಿವೃತ್ತ ಪೋಸ್ಟ್‌ಮ್ಯಾನ್ ತನ್ನ ಚಾಕು ಇಟ್ಟ. ಮೂವತ್ತು ವರ್ಷ ಟಪಾಲು ಕಟ್ಟುಗಳ ಹಗ್ಗ ಕೊಯ್ದು ಅಲಗು ಅರ್ಧ ಸವೆದಿತ್ತು. ಉಳಿದ ಮೂವರೂ ಇಟ್ಟರು.

“ವಜೀರ್, ನಿನ್ನದೆಲ್ಲಿ?”

“ನನ್ನದು... ಈಗ್ಲೂ ದುಡೀತಾ ಇದೆ ಅಂಕಲ್.”

“ಎಲ್ಲಿ?”

“ಅಡುಗೆಮನೇಲಿ.”

“ಭೇಷ್!” ಅಂಕಲ್ ಟೇಬಲ್ ಕುಟ್ಟಿದರು. “ಚಾಕು ಅಂದ್ರೆ ಹಾಗಿರ್ಬೇಕು! ಊಟ ಮುಗಿಸಿ ಮೊದ್ಲು ಅದನ್ನೇ ನೋಡೋಣ.” ವಾಲ್ಟ್ ನನ್ನ ಬೆನ್ನು ತಟ್ಟಿದ. ಆ ಅರ್ಧ ನಿಮಿಷ ನಾನು ಗೆದ್ದೇಬಿಟ್ಟಿದ್ದೆ.

ಊಟಕ್ಕೆ ಕೂತೆವು. ಆಂಟಿ ಭರಣಿಯನ್ನೇ ತಂದು ನಡುವೆ ಇಟ್ಟರು. ನಾನು ಕೈ ಚಾಚುವುದರೊಳಗೆ ಅಂಕಲ್ ಸೌಟು ಹಿಡಿದಿದ್ದರು. ಮೇಲಿನ ನಾಲ್ಕು ಹೋಳು ಮೊಸರನ್ನಕ್ಕೆ ಹೋದವು. ಆಮೇಲೆ, “ತಳದಲ್ಲಿ ನೆಂದಿರೋ ಹೋಳೇ ಹೋಳು,” ಎನ್ನುತ್ತ ಸೌಟನ್ನು ಆಳಕ್ಕೆ ಇಳಿಸಿದರು.

‘ಟಣ್!’

“ಏನೋ ಗಟ್ಟಿ ಸಿಕ್ತಲ್ಲ ಸುಶೀಲಾ. ವಾಟೆನಾ?”

“ವಾಟೆ ತೆಗ್ದೇ ಹಾಕಿದ್ದು ಅಂಕಲ್,” ಎಂದಳು ಸಯೀದಾ.

ಅಂಕಲ್ ಮುಖ ಬದಲಾಯಿತು. ನಲವತ್ತು ವರ್ಷ ಆಪರೇಷನ್ ಮಾಡಿದ ಸರ್ಜನ್ ಅವರೊಳಗೆ ಎದ್ದು ನಿಂತ. ಎಡಗೈ ಚಾಚಿ, “ಟಾಂಗ್ಸ್,” ಎಂದರು. ಆಂಟಿ ಇಕ್ಕಳ ಕೊಟ್ಟರು. “ನ್ಯಾಪ್ಕಿನ್.” ಅದೂ ಬಂತು. ಪ್ಲಾಸ್ಟಿಕ್ ಸುತ್ತಿಕೊಂಡು, ಎಣ್ಣೆ ಸುರಿಸುತ್ತ, ಮೈತುಂಬ ಸಾಸಿವೆ ಮೆತ್ತಿಕೊಂಡ ನನ್ನ ಲ್ಯಾಂಬ್‌ಫುಟ್ ಹೊರಗೆ ಬಂತು.

ಅಂಕಲ್ ಅದನ್ನು ಬಿಳೀ ಟವೆಲ್ಲಿನ ಮೇಲೆ ಮಲಗಿಸಿದರು.

“ವಜೀರ್,” ಎಂದರು ಮೆಲ್ಲಗೆ. “ನಾಲಕ್ಕು ಸಾವಿರ ಎದೆ ಕೊಯ್ದಿದೀನಿ. ಒಂದ್ಸಲಾನೂ ಒಳಗೆ ಚಾಕು ಬಿಟ್ಟು ಹೊಲಿದಿಲ್ಲ ಕಣಯ್ಯಾ!”

“Oh my God, ಅಬ್ಬಾ, you pickled it!” ಎಂದಳು ಸುಮೈರಾ.

ಸುಶೀಲಾ ಆಂಟಿ ಶುದ್ಧ ಸಸ್ಯಾಹಾರಿ. ಹಿಡಿಯನ್ನೇ ನೋಡುತ್ತ ಕೇಳಿದರು, “ಅದು ಯಾವುದರದ್ದೋ?”

“ಕೊಂಬು, ಆಂಟಿ.”

“ಯಾವುದರ ಕೊಂಬು?”

“ಟಗರು.”

ಅಂಕಲ್ ತಮ್ಮ ಮೊಸರನ್ನದ ತಟ್ಟೆಯನ್ನು ಒಂದು ಗೇಣು ಆಚೆ ತಳ್ಳಿದರು. ನಾನು ಎಲ್ಲವನ್ನೂ ಒಪ್ಪಿಕೊಂಡೆ. ಸಾಸಿವೆ, ಹುಳಿ, ಮಹಾದ್ರಾವಣ, ದಾರ. ವಾಲ್ಟ್‌ಗೆ ಅರ್ಥವಾಗಲೆಂದು ಇಂಗ್ಲಿಷಿನಲ್ಲಿ ಇನ್ನೊಂದು ಸಲ. ಅಲಗು ಒರೆಸಿ ನೋಡಿದರೆ ಅದು ಪಟಿನಾ ಅಲ್ಲ, ಗಜ್ಜಿ! ಉಪ್ಪು ತಿಂದು ಮೈತುಂಬ ತೂತು. ಅಂಕಲ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಕೇಳಿದ್ರೆ ಸುಮ್ನೆ ಕೊಟ್ಟುಬಿಡ್ತಿದ್ನಲ್ಲೋ,” ಎಂದರು ಅಷ್ಟೇ. ನಿಜಕ್ಕೂ ನಾಚಿಕೆಯಾಯಿತು. ಅಂಥವರ ಮನೆಗೆ ಕೊನೆಯ ಊಟಕ್ಕೆ ಹೋಗಿ ಇಂಥ ಕೆಲಸ ಮಾಡಿದೆನಲ್ಲ ಎಂದು ತಲೆ ತಗ್ಗಿಸಿ ಕೂತೆ.

“ಆ ಪ್ಲಾಸ್ಟಿಕ್ ಆದ್ರೂ ಬಿಚ್ಚೋಣ, ಕೊಡಿ,” ಎಂದಳು ಸಯೀದಾ. ಅವಳ ದನಿಯಲ್ಲಿ ಮನೆಗೆ ಹೋದ ಮೇಲೆ ನಡೆಯಲಿರುವುದರ ಮುನ್ಸೂಚನೆ ಇತ್ತು. ಬ್ಯಾಗಿನಿಂದ ಏನನ್ನೋ ತೆಗೆದು ಬಿಚ್ಚಿದಳು.

‘ಟಕ್!’

ಐದು ತಲೆಗಳು ಒಟ್ಟಿಗೆ ಅತ್ತ ತಿರುಗಿದವು. ಆ ಸದ್ದು ಚಾಕುಪ್ರೇಮಿಗಳಿಗೆ ನಿದ್ದೆಯಲ್ಲೂ ಗೊತ್ತಾಗುತ್ತದೆ. ಅವಳ ಕೈಯಲ್ಲಿತ್ತು, ನಾನು ಡ್ರಾಯರಿಗೆ ಎಸೆದಿದ್ದ ಬೀಟೆ ಮರದ ಚಾಕು!

ಅಂಕಲ್ ಅದನ್ನು ಇಸಿದುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ಅಲಗಿನ ಮೇಲೆ ಪಾರಿವಾಳದ ಕೊರಳಿನ ನೀಲಿ. ಹಿಡಿ ಅಂಗೈಯ ಎಣ್ಣೆ ಕುಡಿದು ಮಿರುಗುತ್ತಿತ್ತು. ವಾಲ್ಟ್ ಟೋಪಿ ತೆಗೆದ.

“ಏನೇನು ಕತ್ತರಿಸ್ತೀಯಮ್ಮಾ ಇದ್ರಲ್ಲಿ?”

“ಅಂಥದ್ದೇನಿಲ್ಲ ಅಂಕಲ್. ದಿನಾ ಸುಮೈರಾ ಡಬ್ಬಿಗೆ ಸೇಬು. ಕೆಲಸದ ಹತ್ರ ನಿಂಬೆಹಣ್ಣು, ಔಷಧಿ ಬಾಕ್ಸು. ಈ ಉಪ್ಪಿನಕಾಯಿ ಮಾವಿನಕಾಯೀನೂ ಇದ್ರಲ್ಲೇ ಹೆಚ್ಚಿದ್ದು. ಆ ದಾರಾನೂ ಇದ್ರಲ್ಲೇ ಕತ್ತರಿಸಿದ್ದು. ಇವರು ಬೇಡ ಅಂತ ಎಸೆದಿದ್ರು, ಎರಡು ವರ್ಷದಿಂದ ನನ್ನ ಹತ್ರಾನೇ ಇದೆ.”

“ಸಾಣೆ?”

“ಕಾಫಿ ಮಗ್ ತಳಕ್ಕೆ ಉಜ್ಜಿದ್ರೆ ಆಯ್ತಲ್ಲ.”

ನನ್ನ ಬಳಿ ಜಪಾನಿನಿಂದ ತರಿಸಿದ ಒಂಬತ್ತು ಸಾಣೆಕಲ್ಲುಗಳಿವೆ. ಆ ವಿಷಯ ನಾನು ಅಲ್ಲಿ ಎತ್ತಲಿಲ್ಲ.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಮಾಡಿದವನಿಗೂ ಮನೆಯಲ್ಲಿ ಹೆಂಡತಿ ಇದ್ದಿರಬೇಕು. ಅಂಕಲ್ ಜೇಬಿನಿಂದ ಐವತ್ತೈದು ವರ್ಷದ ಆ ಚಾಕುವನ್ನು ತೆಗೆದರು. ಒಂದು ಸಲ ಬಿಚ್ಚಿ, ಒಂದು ಸಲ ಮಡಚಿ, ಸಯೀದಾಳ ಮುಂದೆ ಇಟ್ಟರು. ಅವರ ಕಣ್ಣು ತುಂಬಿತ್ತು. ಸಯೀದಾಳದ್ದೂ ತುಂಬಿತು. ನನ್ನ ಕಣ್ಣು ಬೇರೆ ಕಾರಣಕ್ಕೆ ತುಂಬಿತು.

“ತಡಿಯಮ್ಮ, ಮುಟ್ಬೇಡ,” ಎಂದರು ಅಂಕಲ್. “ಚಾಕು ಬಿಟ್ಟಿ ಕೊಟ್ರೆ ಸ್ನೇಹ ಕತ್ತರಿಸಿಹೋಗತ್ತೆ ಅಂತ ಶೆಫೀಲ್ಡ್ ಕಡೆ ನಂಬಿಕೆ. ಒಂದು ಪೆನ್ನಿ ಕೊಟ್ಟು ತಗೋ.”

ಸಯೀದಾ ಬ್ಯಾಗು ತಡಕಿದಳು. ಬರೀ ಕಾರ್ಡುಗಳು. ನನ್ನ ಕಡೆ ತಿರುಗಿ ಕೈಚಾಚಿದಳು.

“ರೀ, ಒಂದು ಪೆನ್ನಿ.”

ಲ್ಯಾಂಬ್‌ಫುಟ್ ಇರಬೇಕಾಗಿದ್ದ ಜೇಬಿಗೆ ಕೈಹಾಕಿದೆ. ಒಂದೇ ಒಂದು ಪೆನ್ನಿ ಸಿಕ್ಕಿತು. ಕೊಟ್ಟೆ!

ಹೊರಡುವಾಗ ಸಯೀದಾ ಹಾಳಾದ ಉಪ್ಪಿನಕಾಯಿಯ ಭರಣಿಯನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡಿದ್ದಳು. ಬಾಗಿಲಲ್ಲಿ ನಿಂತು, “ರೀ, ನನ್ನ ಕೈ ಖಾಲಿ ಇಲ್ಲ, ಕುರ್ತಾಗೆ ಜೇಬೂ ಇಲ್ಲ,” ಎಂದಳು. “ಅಂಕಲ್ ಚಾಕು ನಿಮ್ಮ ಜೇಬಲ್ಲಿ ಇಟ್ಕೊಂಡು ಬನ್ನಿ. ಮನೆ ಮುಟ್ಟಿದ ತಕ್ಷಣ ವಾಪಸ್ ಕೊಡ್ಬೇಕು. ದಾರೀಲಿ ಯಾವ ಭರಣಿಗೂ ಹಾಕ್ಬೇಡಿ.”

ಇಟ್ಟುಕೊಂಡೆ. ಕಾರಿನ ಗಡಿಯಾರ ನೋಡಿದೆ. ಶನಿವಾರ, ಎರಡು ಗಂಟೆ ಐವತ್ತು ನಿಮಿಷ!

ಲಾಯರ್ ಫೀಸು ಉಳಿಯಿತು.