ಭಾವನ ಎದೆಯ ಮೇಲೊಂದು ಬೆಟ್ಟ

ನಮ್ಮಣ್ಣನಿಗೆ ಸ್ವರ್ಗ ಗ್ಯಾರಂಟಿ. ಆದರೆ ಅಲ್ಲಿಗೆ ಲಿಫ್ಟಿನಲ್ಲೇ ಹೋಗಬೇಕು ಅಂದರೆ ಮಾತ್ರ ಈತ ಬರುವುದಿಲ್ಲ!

ಸೆಮಿನರಿಯೊಂದರಲ್ಲಿ ಪಾದ್ರಿಗಳಾಗುವ ಹುಡುಗರಿಗೆ ಕ್ರೈಸ್ತ ಪರಿಸರ ನೀತಿಶಾಸ್ತ್ರ ಕಲಿಸಿ ರಿಟೈರ್ ಆದವನು. ಹಾಗೆಂದರೇನು ಎಂದು ನೆಂಟರು ನನ್ನನ್ನು ಕೇಳುತ್ತಾರೆ. ಭೂಮಿ ದೇವರ ಮನೆ, ನಾವು ಬಾಡಿಗೆಗಿರುವವರು, ಗೋಡೆಗೆ ಮೊಳೆ ಹೊಡೆಯಬಾರದು, ಅಷ್ಟೆ ಎನ್ನುತ್ತೇನೆ. ಅಣ್ಣ ಇದನ್ನೇ ಎರಡು ಗಂಟೆ ಹೇಳುತ್ತಾನೆ.

ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ನಾವೆಲ್ಲ ಮಾಂಸ ಬಿಟ್ಟರೆ ಅವನು ಲಿಫ್ಟ್ ಬಿಡುತ್ತಾನೆ. ಬಿಡಲಿ, ವೆರಿ ಗುಡ್. ಆದರೆ ಗರಿಗಳ ಭಾನುವಾರ ಊಟಕ್ಕೆ ಕರೆದು, ಆರ್.ಟಿ. ನಗರದಿಂದ ಜಕ್ಕೂರಿಗೆ ಹೋದ ನನ್ನನ್ನೂ ಏಳನೆಯ ಮಹಡಿಗೆ ಮೆಟ್ಟಿಲು ಹತ್ತಿಸಬೇಕೆ? ಯೇಸು ಶಿಲುಬೆ ಹೊತ್ತು ನಡೆದ ಹಾದಿಯ ಹದಿನಾಲ್ಕು ಸ್ಥಳಗಳೂ ನನಗೆ ಐದನೆಯ ಮಹಡಿಯೊಳಗೇ ಮುಗಿದವು. ಮೇಲೆ ಅತ್ತಿಗೆ ನೀರು ಕೊಡುತ್ತಾ, ಬೆಳಿಗ್ಗೆ ಹಾಲು ತರಲು ತಾವು ಲಿಫ್ಟಿನಲ್ಲೇ ಹೋಗಿಬಂದದ್ದನ್ನು ನನ್ನ ಕಿವಿಯಲ್ಲಿ ಹೇಳಿದರು!

ಇನ್ನೊಮ್ಮೆ ನನ್ನ ಅಡುಗೆಮನೆಯಲ್ಲಿ ಜಿರಲೆ ಕಂಡು ನಾನು ಪೊರಕೆ ಎತ್ತಿದೆ. ಅಣ್ಣ ನಡುವೆ ಬಂದು ನಿಂತ.

"ನೋಹನ ನಾವೆಯಲ್ಲಿ ಇದಕ್ಕೂ ಜಾಗ ಇತ್ತು ಕಣೇ."

"ನೋಹನ ಹೆಂಡ್ತೀನ ಯಾರಾದ್ರೂ ಒಂದು ಮಾತು ಕೇಳಿದ್ರಾ?"

ಅಷ್ಟು ಹೊತ್ತಿಗೆ ಜಿರಲೆ ಫ್ರಿಜ್ಜಿನ ಹಿಂದೆ ಸೇರಿ ಮೋಕ್ಷ ಪಡೆದಿತ್ತು.

ಇಂಥವನ ಮಾತನ್ನು ಕೇಳುತ್ತಿದ್ದ ಪುಣ್ಯಾತ್ಮರೆಂದರೆ ನಮ್ಮ ಯಜಮಾನರೊಬ್ಬರೇ. ಅಣ್ಣ ಎಂದೂ ಮುಗಿಯದ ಪುಸ್ತಕವೊಂದನ್ನು ಬರೆಯುತ್ತಿದ್ದಾನೆ. ಭಾನುವಾರ ಪೂಜೆ ಮುಗಿಸಿ ನೇರ ನಮ್ಮ ಮನೆಗೆ ಬಂದು, ಸೋಫಾದಲ್ಲಿ ಇವರ ಪಕ್ಕ ಕೂತು ಹೊಸ ಅಧ್ಯಾಯ ಓದುತ್ತಿದ್ದ. ಇವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಅದು ಧ್ಯಾನವೋ ನಿದ್ದೆಯೋ, ಗಾಡ್ ಅಲೋನ್ ನೋಸ್! ಯಾವ ಅಧ್ಯಾಯವಾದರೂ "ಸೃಷ್ಟಿಯ ನರಳಾಟ" ಎಂಬ ಮಾತು ಬಂದೇ ಬರುತ್ತಿತ್ತು. ಬಂದ ಕೂಡಲೇ ಇವರು ಕಣ್ಣು ಬಿಟ್ಟು, "ಅದಿರ್ಲಿ ಬಿಡಪ್ಪಾ, ಕಾಫಿ ಕುಡಿಯೋಣ್ವಾ?" ಎನ್ನುತ್ತಿದ್ದರು.

"ಭೂಮಿ ಕಾಯ್ತಾ ಇದೆ ಭಾವ! ನಿಮಗೆ ಕಾಫಿ ಯೋಚನೆ," ಎಂದು ಅಣ್ಣ ರೇಗುತ್ತಿದ್ದ. ರೇಗಿಕೊಂಡೇ ಎರಡು ಲೋಟ ಕುಡಿಯುತ್ತಿದ್ದ.

ಯಜಮಾನರು ಹೋದಾಗ, ಸಮಾಧಿಗೆ ಬರಿ ಮಣ್ಣೇ ಇರಲಿ, ಮೇಲೆ ಕಲ್ಲು ಬೇಡ ಎಂದವನೂ ಇವನೇ. ಆ ದುಃಖದಲ್ಲಿ ಹೂಂ ಅಂದುಬಿಟ್ಟೆ. ಆಮೇಲೆ ನೋಡಿದರೆ, ಸುತ್ತ ಎಲ್ಲರೂ ಫಳಫಳ ಗ್ರಾನೈಟ್ ಹೊದ್ದು ಮಲಗಿದ್ದಾರೆ. ನಮ್ಮವರೊಬ್ಬರೇ ಹುಲ್ಲಿನಲ್ಲಿ, ಕಾರುಗಳ ನಡುವೆ ನಿಲ್ಲಿಸಿದ ಎತ್ತಿನಗಾಡಿಯ ಹಾಗೆ! ಹೋಗಲಿ, ಅದನ್ನೂ ಸಹಿಸುತ್ತಿದ್ದೆ. ಆದರೆ ಕಳೆದ ನವೆಂಬರಿನಲ್ಲಿ, ಸತ್ತವರ ಹಬ್ಬದ ದಿನ, ಮೇಣದಬತ್ತಿ ಹಚ್ಚಲು ಬಂದವರು ಯಾರೋ ಅದು ಖಾಲಿ ಜಾಗವೆಂದುಕೊಂಡು ನಮ್ಮವರ ಮೇಲೆ ಚಪ್ಪಲಿ ಬಿಟ್ಟಿದ್ದರು. ಅವರ ಹೆಸರು ಎಲ್ಲೂ ಇಲ್ಲವಲ್ಲ ಎಂದು ಅವತ್ತು ಮನೆಗೆ ಬಂದು ಅತ್ತೆ.

ಈ ವರ್ಷ ಕಲ್ಲು ಹಾಕಿಸುತ್ತೇನೆ ಎಂದೆ. ಅಣ್ಣನ ಮುಖ ಕೆಂಪಾಯಿತು.

"ದೇವನಹಳ್ಳಿ ಕಡೆ ಬೆಟ್ಟಗಳೆಲ್ಲ ಕರಗಿ ಹೋಗ್ತಿವೆ. ಅದನ್ನ ತಂದು ಭಾವನ ಎದೆ ಮೇಲೆ ಇಡ್ತೀಯಾ?"

"ನಿನ್ನ ಪುಸ್ತಕ ಹೊತ್ತ ಎದೆ ಅಣ್ಣ ಅದು. ಬೆಟ್ಟ ಏನು ಮಹಾ?"

ಅವತ್ತಿನಿಂದ ಮಾತು ಬಿಟ್ಟೆವು. ನಾನು ಹಟಕ್ಕೆ ಬಿದ್ದು ಕಲ್ಲಿಗೆ ಆರ್ಡರ್ ಕೊಟ್ಟೇಬಿಟ್ಟೆ. ಕರೀ ಗ್ರಾನೈಟ್, ತುದಿಯಲ್ಲಿ ಬಂಗಾರದ ಬಣ್ಣದಲ್ಲಿ ಅವರ ಹೆಸರು.

ಹಬ್ಬದ ಹಿಂದಿನ ಭಾನುವಾರ ಕಲ್ಲಿನವರು ಟೆಂಪೋದಲ್ಲಿ ಸ್ಮಶಾನಕ್ಕೆ ಬಂದರು. ಅವರು ಕಲ್ಲು ಇಳಿಸುತ್ತಿದ್ದಾಗ ನಾನು ಅವರಿಗೆಂದೇ ತಂದ ಫ್ಲಾಸ್ಕ್ ಹಿಡಿದು ಮುಂದೆ ನಡೆದೆ. ನೋಡಿದರೆ, ಅಲ್ಲಿ ಅಣ್ಣ! ಒದ್ದೆ ಹುಲ್ಲಿನಲ್ಲಿ ಕುಕ್ಕರಗಾಲಲ್ಲಿ ಕೂತು, ಒಂದು ಕೈಯಲ್ಲಿ ನೋಯುವ ಮಂಡಿ, ಇನ್ನೊಂದರಲ್ಲಿ ಕಾಗದ ಹಿಡಿದುಕೊಂಡು ಸಮಾಧಿಗೆ ಓದಿ ಹೇಳುತ್ತಿದ್ದಾನೆ. ಹುಲ್ಲೆಂದು ನಾನು ಬೈದಿದ್ದರ ತುಂಬ ತುಂಬೆ ಹೂ, ಅದರ ಮೇಲೆ ಜೇನು. ನಾನು ಪಕ್ಕದವರ ಅಮೃತಶಿಲೆಯ ದೇವದೂತನ ಹಿಂದೆ ನಿಂತೆ.

"...ಇದೇ ಸೃಷ್ಟಿಯ ನರಳಾಟ," ಎಂದು ಓದಿದವನು ಅಲ್ಲಿಗೆ ನಿಲ್ಲಿಸಿದ. ತಲೆ ಎತ್ತಿದ. ಯಾರೋ ಏನೋ ಹೇಳಬೇಕಿತ್ತು ಎನ್ನುವ ಹಾಗೆ ಕಾದ. ಬಹಳ ಹೊತ್ತು ಕಾದ. ಆಮೇಲೆ ಮೆಲ್ಲಗೆ ಹಾಳೆ ತಿರುಗಿಸಿದ.

ಅಷ್ಟರಲ್ಲಿ ಕಲ್ಲು ಹೊತ್ತವರು ಬಂದು, "ಎಲ್ಲಿ ಮಲಗಿಸ್ಬೇಕಮ್ಮ?" ಎಂದು ಕೇಳಿದರು. ಅಣ್ಣ ಬೆಚ್ಚಿ ತಿರುಗಿ ನೋಡಿದ.

ಮಲಗಿಸುವುದು ಬೇಡ ಎಂದೆ. ಸಮಾಧಿಯ ಕಾಲ್ದೆಸೆಯಲ್ಲಿ, ಅಡಿಗೆ ಎರಡು ಕಲ್ಲಿನ ದಿಂಡು ಕೊಟ್ಟು, ಬೆಂಚಿನ ಹಾಗೆ ಕೂರಿಸಿ ಎಂದೆ. ಅವರು ನನ್ನ ತಲೆ ಕೆಟ್ಟಿದೆಯೇನೋ ಎಂಬಂತೆ ನೋಡಿದರು, ಆದರೂ ಕೂರಿಸಿದರು.

"ಹೆಸರಿನ ಮೇಲೆ ಬೇಡ ಅಣ್ಣ. ಅದರ ಪಕ್ಕ ಕೂತ್ಕೋ."

"ಬೆಟ್ಟ ಕಡಿದ ಕಲ್ಲು ಕಣೇ. ನಾನು ಕೂರಲ್ಲ."

ನಾನು ಫ್ಲಾಸ್ಕಿನ ಮುಚ್ಚಳ ತೆಗೆದೆ.

"ಅದಿರ್ಲಿ ಬಿಡಪ್ಪಾ. ಕಾಫಿ ಕುಡಿಯೋಣ್ವಾ?"

ಅಣ್ಣ ಕೂತ.