ಅಕ್ಕನ ಅರಿಶಿನದ ಜಾಹೀರಾತು

ಜಾಹೀರಾತು ಕಂಡರೆ ನನಗಾಗುವುದಿಲ್ಲ. ಚಾಮರಾಜನಗರದ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವನಿಗೆ ಇಷ್ಟು ಸಿಟ್ಟು ಸಲ್ಲದು, ಒಪ್ಪುತ್ತೇನೆ. ಆದರೆ ಒಮ್ಮೆ ಮಾವನವರಿಗಾಗಿ ಮಂಡಿನೋವಿನ ಎಣ್ಣೆ ಹುಡುಕಿದ ತಪ್ಪಿಗೆ, ಆಮೇಲೆ ಮಳೆಯ ಸುದ್ದಿ ತೆರೆದರೂ ಮಂಡಿ, ಪರೀಕ್ಷೆಯ ವೇಳಾಪಟ್ಟಿ ತೆರೆದರೂ ಮಂಡಿ. ಎಣ್ಣೆ ಬೇಕಿದ್ದ ಮಾವ ಮಾತ್ರ ಸಂತೆಮರಹಳ್ಳಿಯಲ್ಲಿ ಆರಾಮಾಗಿ ಓಡಾಡಿಕೊಂಡಿದ್ದರು. ಕಡೆಗೆ ದಸರಾ ರಜೆಯಲ್ಲಿ ಮೂಲೆಗೆ ಬಿದ್ದಿದ್ದ ಹಳೆಯ ಲ್ಯಾಪ್‌ಟಾಪ್ ಒರೆಸಿ, ಅದನ್ನೇ ಮನೆಗೊಂದು ಪ್ರಾಕ್ಸಿ ಸರ್ವರ್ ಮಾಡಿದೆ. ಅಂದರೆ, ಮನೆಯ ವೈಫೈನಲ್ಲಿ ಯಾರು ಏನು ತೆರೆದರೂ ಅದು ಈ ಲ್ಯಾಪ್‌ಟಾಪನ್ನು ಹಾದೇ ಬರಬೇಕು. ಜಾಹೀರಾತನ್ನು ಅದು ಅಲ್ಲೇ ತಡೆದು ಉಳಿದದ್ದನ್ನು ಒಳಕ್ಕೆ ಬಿಡುತ್ತದೆ. ಮೊದಲೆರಡು ದಿನ ಜಾಹೀರಾತೂ ಇಲ್ಲ, ಇಂಟರ್ನೆಟ್ಟೂ ಇಲ್ಲ. ಎರಡನೆಯದು ಯಾವಾಗ ಬರುತ್ತದೆ ಎಂದಷ್ಟೇ ಹೆಂಡತಿ ಮಂಜುಳಾ ಕೇಳಿದಳು. ಬಂದ ಮೇಲೆ ಪುಟಗಳು ಸಾರಿಸಿದ ಅಂಗಳದಂತೆ ಕಂಡವು.

ಗುಂಡ್ಲುಪೇಟೆಯಲ್ಲಿರುವ ನನ್ನ ಅಕ್ಕ ನಾಗಮಣಿ ಆಗಷ್ಟೇ ಮೂವರು ಹೆಂಗಸರನ್ನು ಸೇರಿಸಿಕೊಂಡು ಅರಿಶಿನಪುಡಿ ಮಾರಲು ಶುರುಮಾಡಿದ್ದಳು. ಒಂದು ಬೆಳಿಗ್ಗೆ ಅವಳ ಫೋನು. ಜಿಲ್ಲೆಯ ಸುದ್ದಿ ಹಾಕುವ ವೆಬ್‌ಸೈಟಿನಲ್ಲಿ ಅವಳ ಜಾಹೀರಾತು ಬಂದಿದೆಯಂತೆ, ಮೊದಲು ನನಗೇ ಹೇಳುತ್ತಿದ್ದಾಳಂತೆ, ನೋಡಿ ಹೇಗಿದೆ ಹೇಳಬೇಕಂತೆ. ತೆರೆದೆ. ಸುದ್ದಿ ಇತ್ತು, ಮಧ್ಯೆ ಒಂದು ಬಿಳಿ ಜಾಗ ಇತ್ತು. ನನ್ನದೇ ಕೈಚಳಕವೆಂದು ತಿಳಿಯಿತು. ನಿಜ ಹೇಳಬಹುದಿತ್ತು. ಆದರೆ ಅಷ್ಟು ಆಸೆಯಿಂದ ಕೇಳುತ್ತಿರುವವಳಿಗೆ, ಇಂಥವುಗಳ ಕಾಟ ತಪ್ಪಿಸಿಕೊಳ್ಳಲೆಂದೇ ರಜೆಯೆಲ್ಲ ಕಳೆದೆ ಎನ್ನುವುದು ಹೇಗೆ? ಬಣ್ಣ ಚೆನ್ನಾಗಿದೆ ಎಂದೆ, ಅಕ್ಷರವೂ ಚೆನ್ನಾಗಿದೆ ಎಂದೆ.

"ಪೋಟ ಎಂಗ್ ಬಂದದಪ್ಪ?"

ಅವಳದೇ ಇರಬೇಕು, ಮತ್ತಾರದು? ಮುಖ ಫಳಫಳ ಹೊಳೆಯುತ್ತಿದೆ, ಹತ್ತು ವರ್ಷ ಚಿಕ್ಕವಳಾಗಿ ಕಾಣುತ್ತೀಯ ಎಂದುಬಿಟ್ಟೆ.

"ಅದು ನಾನಲ್ಲ ಕಣಪ್ಪ. ಅವ್ವ."

ವೈಫೈ ಆಫ್ ಮಾಡಿದ್ದರೆ ಸಾಕಿತ್ತು. ಗಾಬರಿಯಲ್ಲಿ ಅದೂ ಹೊಳೆಯದೆ ಬೀದಿಯ ತುದಿಯವರೆಗೆ ನಡೆದುಹೋಗಿ ಮೊಬೈಲ್ ಡೇಟಾದಲ್ಲಿ ತೆರೆದೆ. ಅಕ್ಕನ ಮದುವೆಯ ಹಿಂದಿನ ದಿನದ ಚಿತ್ರ. ಅವ್ವ ಒನಕೆ ಹಿಡಿದು ಅರಿಶಿನ ಕುಟ್ಟುತ್ತ, ಮೊಣಕೈವರೆಗೂ ಹಳದಿಯಾಗಿ, ಯಾರನ್ನೋ ಬೈಯುತ್ತ ನಗುತ್ತಿದ್ದಾಳೆ. ಅವಳು ಹೋಗಿ ಎಂಟು ವರ್ಷ. ಅಂಥದೊಂದು ಚಿತ್ರ ಉಳಿದಿದೆಯೆಂದೇ ನನಗೆ ಗೊತ್ತಿರಲಿಲ್ಲ. ಕಿರಾಣಿ ಅಂಗಡಿಯ ಮುಂದೆ ನಿಂತು, ಜೀವನದಲ್ಲಿ ಮೊದಲ ಸಲ ಒಂದು ಜಾಹೀರಾತನ್ನು ದೊಡ್ಡದು ಮಾಡಿ ಮಾಡಿ ನೋಡಿದೆ.

ಭಾನುವಾರ ತೆರಕಣಾಂಬಿ ಮೇಲಿನ ಬಸ್ಸು ಹಿಡಿದು ಗುಂಡ್ಲುಪೇಟೆಗೆ ಹೋಗಿ, ಸರ್ವರಿನ ಕಥೆಯನ್ನೆಲ್ಲ ಅಕ್ಕನಿಗೆ ಒಪ್ಪಿಸಿದೆ. ಅವಳು ಪೊಟ್ಟಣ ಕಟ್ಟುತ್ತಲೇ ಕೇಳಿಸಿಕೊಂಡಳು. ಬೈದಿದ್ದರೆ ಮನಸ್ಸು ಹಗುರವಾಗುತ್ತಿತ್ತು.

"ನೋಡ್ದೆನೇ ಅಷ್ಟ್ ಒಗಳ್ಬುಟ್ಟೆ," ಎಂದಳು. "ಇನ್ ಮುಂದ್ಕ ಜಾಹೀರಾತ್ ನೀನೇ ಬರ್ಕೊಡು."

ಮನೆಯ ಸರ್ವರಿನಲ್ಲಿ ಆ ಒಂದು ವೆಬ್‌ಸೈಟಿಗೆ ವಿನಾಯಿತಿ ಕೊಟ್ಟಿದ್ದೇನೆ. ಪಾಠ ಮುಗಿಸಿ ಬಂದು ಅರಿಶಿನಪುಡಿಯ ಗುಣಗಾನ ಬರೆಯುತ್ತೇನೆ. ಮೊನ್ನೆ ಒಂದು ಪುಟ ಕಳಿಸಿದೆ. ಇಷ್ಟುದ್ದ ಯಾರೂ ಓದುವುದಿಲ್ಲವೆಂದು ಅಕ್ಕ ಎರಡು ಸಾಲು ಉಳಿಸಿಕೊಂಡು ಮಿಕ್ಕದ್ದನ್ನು ತೆಗೆದುಹಾಕಿದಳು. ಆ ಎರಡು ಸಾಲನ್ನಾದರೂ ಓದಿರೆಂದು ಸ್ಟಾಫ್ ರೂಮಿನಲ್ಲಿ ಒಬ್ಬೊಬ್ಬರ ಮುಂದೆಯೂ ಫೋನು ಹಿಡಿಯುತ್ತಿದ್ದೇನೆ. ಅವರು ಟಿಫನ್ ಡಬ್ಬಿಯಿಂದ ತಲೆಯೆತ್ತದೆ, ತುಂಬಾ ಚೆನ್ನಾಗಿದೆ ಸಾರ್ ಎನ್ನುತ್ತಾರೆ.