ತಾಯಿಫಿನ ದಾರಿಯಲ್ಲಿ ಒಂದು ಊಟ

ನಗಬಾರದ ಹೊತ್ತಿನಲ್ಲೇ ನಗು ಬರುವಂಥದ್ದು ನಡೆಯುವುದು ನನ್ನ ಹಣೆಬರಹ. ಎಂಬತ್ತರ ದಶಕದ ಮಾತು, ನಾನು ಸೌದಿಗೆ ಹೋಗಿ ಎರಡೇ ತಿಂಗಳಾಗಿತ್ತು. ನನಗೆ ವೀಸಾ ಕೊಡಿಸಿದ ಭಾವ, ಅಂದರೆ ಅಕ್ಕನ ಗಂಡ, ತಾಯಿಫಿನಲ್ಲಿ ಕಟ್ಟಡದ ಮೇಲಿಂದ ಬಿದ್ದರು ಎಂದು ರಾಬಿಗ್‌ನ ನಮ್ಮ ಕ್ಯಾಂಪಿಗೆ ಬೆಳಿಗ್ಗೆ ಸುದ್ದಿ ಬಂತು. ಆಪರೇಷನ್ ಅಂತೆ, ಉಳಿಯುವುದು ಕಷ್ಟ ಅಂತೆ. ಮಂಗಳೂರಿನಲ್ಲಿ ಅಕ್ಕನಿಗೆ ಇನ್ನೂ ಗೊತ್ತಿಲ್ಲ. ಕಂಪೆನಿಯ ಪಠಾಣ ಡ್ರೈವರ್ ನನ್ನನ್ನು ಪಿಕಪ್ಪಿನಲ್ಲಿ ಕೂರಿಸಿಕೊಂಡು ಹೊರಟ.

೧. ಮಂದಿ

ಎಂಜಿನ್ ಕಾದಿತ್ತು. ದಾರಿಬದಿಯಲ್ಲಿ ಯಮನ್ ದೇಶದ ಒಬ್ಬ ಯಮನಿಯ ಸಣ್ಣ ಹೋಟೆಲಿನ ಮುಂದೆ ಡ್ರೈವರ್ ಗಾಡಿ ನಿಲ್ಲಿಸಿದ. ಅದು ತಣಿಯುವವರೆಗೆ ನಾನು ಒಳಗೆ ಹೋಗಿ, ತಿನ್ನಲಿಕ್ಕೆ ಎಂತ ಉಂಟು ಎಂದು ಕೈಸನ್ನೆಯಲ್ಲಿ ಕೇಳಿದೆ.

"ಮಂದಿ," ಎಂದ ಯಮನಿ.

ಸುತ್ತ ನೋಡಿದೆ. ಹೌದು, ಏಳೆಂಟು ಮಂದಿ ಇದ್ದರು. ಮತ್ತೆ ಬಾಯಿಗೆ ಕೈ ತೋರಿಸಿದೆ.

"ಮಂದಿ! ಮಂದಿ!"

"ಮಂದಿ ಇರುವುದು ನನಗೂ ಕಾಣ್ತದೆ ಮಾರಾಯ!" ಎಂದು ಕನ್ನಡದಲ್ಲೇ ರೇಗಿದೆ. ಅವನು ಅದನ್ನೇ ಆರ್ಡರ್ ಎಂದುಕೊಂಡು, ಅನ್ನದ ಮೇಲೆ ಕುರಿಮಾಂಸ ಹೇರಿದ ದೊಡ್ಡ ತಟ್ಟೆ ತಂದಿಟ್ಟ. ಆ ಅನ್ನದ ಹೆಸರೇ ಮಂದಿ.

೨. ಬೆಕ್ಕು

ತುತ್ತು ಎತ್ತುವ ಮೊದಲೇ ಬಾಂಗ್ ಆಯಿತು. ನಮಾಜಿನ ಹೊತ್ತಿಗೆ ಅಲ್ಲಿ ಅಂಗಡಿ ಮುಚ್ಚಲೇಬೇಕು, ಎಲ್ಲರೂ ಎದ್ದರು. ನಾನು ಕ್ರಿಶ್ಚಿಯನ್ ಎಂದು ಡ್ರೈವರ್ ಹೇಳಿದ್ದಕ್ಕೆ, ಯಮನಿ ನನ್ನನ್ನು ಒಳಗೇ ಬಿಟ್ಟು ಶಟರ್ ಎಳೆದ. ಕತ್ತಲಲ್ಲಿ ಕಣ್ಣು ಮುಚ್ಚಿ, ಬೆರಳಲ್ಲಿ ಎಣಿಸುತ್ತಾ ಭಾವನಿಗಾಗಿ ಜಪಸರ ಹೇಳಿದೆ. ಶಟರ್ ಎದ್ದಾಗ ನೋಡಿದರೆ ತಟ್ಟೆಯಲ್ಲಿ ಮಾಂಸವಿಲ್ಲ, ಬೆಂಚಿನ ಕೆಳಗೆ ಒಂದು ಬೆಕ್ಕು ಮೀಸೆ ನೆಕ್ಕುತ್ತಿದೆ. ಯಮನಿಗೆ ಕಂಡದ್ದು ತಟ್ಟೆ ಮಾತ್ರ.

"ಮಾಶಾಲ್ಲಾ!" ಎಂದು ನನ್ನ ಬೆನ್ನು ತಟ್ಟಿ, ಮೊದಲಿನದಕ್ಕಿಂತ ದೊಡ್ಡ ತಟ್ಟೆ ತಂದ.

೩. ಫೋನು

ಅವನಲ್ಲಿ ಫೋನಿತ್ತು. ಆಸ್ಪತ್ರೆಯ ನಂಬರಿನ ಚೀಟಿ, ಭಾವನ ಹೆಸರು ಎರಡನ್ನೂ ಕೊಟ್ಟೆ. ಅವನು ತುಂಬ ಹೊತ್ತು ಮಾತಾಡಿ, ನನ್ನ ಕಡೆ ತಿರುಗಿ, "ಖಲಾಸ್" ಎಂದ.

ನಮ್ಮೂರಿನಲ್ಲಿ ಖಲಾಸ್ ಅಂದರೆ ಸತ್ತ ಎಂದೇ. ಮೇಜಿನ ಮೇಲೆ ತಲೆಯಿಟ್ಟು ಅತ್ತೆ. ಅಕ್ಕನಿಗೆ ಹೇಗೆ ಹೇಳುವುದು? ಯಮನಿ ಗಾಬರಿಯಾಗಿ ಡ್ರೈವರನ್ನು ಕೂಗಿದ. ಅವನು ಓಡಿಬಂದು, ವಿಚಾರಿಸಿ, ನನ್ನ ಭುಜ ಹಿಡಿದು ಅಲ್ಲಾಡಿಸಿದ.

"ಅರೇ, ಆಪರೇಷನ್ ಖಲಾಸ್! ಮುಗಿಯಿತು ಅಂತ! ಆದ್ಮಿ ಜಿಂದಾ ಹೈ!"

ಎರಡನೆಯ ತಟ್ಟೆಯನ್ನು ನಾನೇ ಖಲಾಸ್ ಮಾಡಿದೆ.

೪. ಭಾವ

ಮರುದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ನನ್ನನ್ನು ಒಳಗೆ ಬಿಟ್ಟರು. ಭಾವ ಬದುಕಿದ್ದರು. ಆದರೆ ಎಡಗಾಲು ಮೊಣಕಾಲಿನಿಂದ ಕೆಳಗೆ ಇರಲಿಲ್ಲ, ಹೊದಿಕೆ ಅಲ್ಲಿ ಚಪ್ಪಟೆಯಾಗಿ ಬಿದ್ದಿತ್ತು. ಅವರೇ ಶುರು ಮಾಡಿದರು.

"ದಾರಿಯಲ್ಲಿ ಎಂತಾದರೂ ತಿಂದ್ಯಾ?"

"ತಿಂದೆ ಭಾವ."

"ಎಂತ ತಿಂದದ್ದು?"

ಸುಳ್ಳು ಹೊಳೆಯಲಿಲ್ಲ. "ಕುರಿಯ ಕಾಲು," ಎಂದುಬಿಟ್ಟೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಭಾವ ಹೊದಿಕೆಯನ್ನು ನೋಡಿದರು. ನನ್ನನ್ನು ನೋಡಿದರು.

"ಎಡದ್ದಾ, ಬಲದ್ದಾ?"